ಸೀಸೆಗೆ ಬಂದ ಕೊಬ್ಬು

ನಮ್ಮ ಊರಿನಲ್ಲಿ ಕೊಬ್ಬನ್ನು ಅಳೆಯುತ್ತಾರೆ. ಬೇರೆ ಊರುಗಳಲ್ಲಿ ‘ನಿನಗೆ ಕೊಬ್ಬು ಜಾಸ್ತಿ’ ಎಂದು ಬಾಯಿಮಾತಿಗೆ ಬೈದು ಬಿಟ್ಟುಬಿಡುತ್ತಾರಂತೆ. ನಮ್ಮಲ್ಲಿ ಹಾಗಲ್ಲ. ವರ್ಷಕ್ಕೊಮ್ಮೆ, ಈರುಳ್ಳಿ ಸುಗ್ಗಿ ಮುಗಿದ ಮೇಲೆ, ವಯಸ್ಸಿಗೆ ಬಂದ ಪ್ರತಿಯೊಬ್ಬರೂ ತೋಳು ಚಾಚಿ ರಕ್ತ ಕೊಡಬೇಕು. ಅದಕ್ಕೆ ಸೂಜಿ ದಿನ ಎಂದು ಹೆಸರು. ಆ ರಕ್ತದಲ್ಲಿರುವ ಕೊಬ್ಬು ಇನ್ನೂರರ ಗೆರೆ ದಾಟಿದರೆ, ಮುಂದಿನ ಸೂಜಿ ದಿನದವರೆಗೆ ಆ ಮನುಷ್ಯ ತನ್ನ ಮನೆಯ ಹೊಸ್ತಿಲಾಚೆ ಒಂದು ಮಾತೂ ಆಡುವಂತಿಲ್ಲ. ಹೊರಗೆ ಬರುವಾಗ ತುಟಿಗಳ ನಡುವೆ ಹರಿಬಳ್ಳಿಯ ಒಂದು ಎಲೆ ಕಚ್ಚಿಕೊಂಡೇ ಬರಬೇಕು. ಎಲೆ ಉಗುಳಿ ಮಾತಾಡಿದರೆ ಒಂದು ವರ್ಷ ಮೂರಾಗುತ್ತದೆ. ಈ ಕಟ್ಟಳೆ ಯಾರು ಮಾಡಿದರೆಂದು ನನ್ನನ್ನು ಕೇಳಬೇಡಿ. ನಾನು ಹುಟ್ಟುವ ಮೊದಲೂ ಇತ್ತು.

ಜನ ಯಾವುದಕ್ಕೆ ತಾನೇ ಒಗ್ಗುವುದಿಲ್ಲ? ನಮ್ಮ ಚಹಾದಂಗಡಿಯಲ್ಲಿ ಗೋಡೆಯ ಕಡೆ ಮುಖ ಮಾಡಿದ ಒಂದು ಬೆಂಚು ಇದೆ. ಎಲೆಯವರು ಅಲ್ಲಿ ಕೂತು, ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಯುತ್ತಾರೆ. ಬಸ್ಸಿನ ಕಂಡಕ್ಟರು ಅವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ, ಎಷ್ಟು ಬೆರಳು ಎತ್ತಿದರೋ ಅಷ್ಟು ನಿಲ್ದಾಣಕ್ಕೆ ಟಿಕೆಟ್ಟು ಹರಿಯುತ್ತಾನೆ. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ‘ಅಪ್ಪನ ಗೆರೆ ಎಷ್ಟು’ ಎನ್ನುತ್ತಾರೆ. ಗಂಡ ಎಲೆ ಕಚ್ಚಿದ ಮನೆಯಲ್ಲಿ ಹೆಂಡತಿಯೇ ಪಂಚಾಯಿತಿಗೆ ಬಂದು ಮಾತಾಡುತ್ತಾಳೆ. ಅಂಥ ಕೆಲವು ಹೆಂಗಸರು ಮುಂದಿನ ವರ್ಷವೂ ಅವನ ಗೆರೆ ದಾಟಲಿ ಎಂದು ಅನ್ನಕ್ಕೆ ತುಪ್ಪ ಸುರಿಯುತ್ತಾರೆ ಎಂಬ ಮಾತೂ ಇದೆ.

ನಾನು ಸಂತೆಮಾಳದಲ್ಲಿ ಈರುಳ್ಳಿ ಹರಾಜು ಕೂಗುವವನು. ಹೆಸರು ಚನ್ನಿಗಪ್ಪ. ಇಪ್ಪತ್ತಾರು ವರ್ಷದಿಂದ ಕೂಗುತ್ತಿದ್ದೇನೆ. ನನ್ನ ಕೂಗು ಕೆರೆ ಏರಿಯ ಆಚೆಗೂ ಕೇಳುತ್ತದೆ. ಸಿಟ್ಟೂ ಅಷ್ಟೇ ದೂರ ಕೇಳುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಈ ಸಲ ಸೂಜಿ ದಿನ ಕಳೆದು ಆರನೆಯ ದಿನಕ್ಕೆ ಚಾವಡಿಯ ಗೋಡೆಗೆ ಪಟ್ಟಿ ಅಂಟಿಸಿದರು. ನನ್ನ ಹೆಸರಿನ ಮುಂದೆ ಇನ್ನೂರ ಆರು ಎಂದಿತ್ತು.  ಒಂದು ವರ್ಷ ಕೂಗದಿದ್ದರೆ ಗಂಟಲು ತುಕ್ಕು ಹಿಡಿಯುತ್ತದೆ. ಅಷ್ಟರಲ್ಲಿ ನನ್ನ ಜಾಗಕ್ಕೆ ಯಜಮಾನ ಹುಚ್ಚೀರಪ್ಪನ ಅಳಿಯ ಕೂಗುವ ತಗಡಿನ ಕೊಳವೆ ಹಿಡಿದುಕೊಂಡು ಬಂದು ನಿಲ್ಲುತ್ತಾನೆ. ಒಮ್ಮೆ ನಿಂತ ಮೇಲೆ ಇಳಿಯುವ ಪೈಕಿ ಅಲ್ಲ ಅವನು. ಹುಚ್ಚೀರಪ್ಪ ಊರಿನ ದೊಡ್ಡವನು, ಪಟ್ಟಿಗೆ ಮುದ್ರೆ ಒತ್ತುವವನು, ಮೂಡಲ ಬೀದಿಯವನು.

ಮನೆಗೆ ಬಂದು ಹೆಂಡತಿ ಪುಟ್ಟಲಿಂಗಮ್ಮನ ಮುಂದೆ ಅರ್ಧ ಗಂಟೆ ಕೂಗಾಡಿದೆ. ಅವಳು ಅವರೆಕಾಳು ಹಿಸುಕುತ್ತಾ ಕೂತಿದ್ದಳು.

“ಸಂತೇಲಿ ಕೂಗೋದನ್ನೂ ಸೇರ್ಸಿ ಇನ್ನೊಂದು ವರ್ಸ ನನ್ನ ಕಿವಿಗೇ ಕೂಗ್ತೀಯ ಅಂದಂಗಾಯ್ತು. ನನ್ನ ಗೆರೆ ನೂರ ಎಂಬತ್ತು ಅಂತ ಬರ್ದವ್ರೆ. ನಿನ್ನ ಜೊತೆ ಬಾಳಿದ್ದಕ್ಕೆ ನೂರ ಎಂಬತ್ತು ಪುಣ್ಯ ಕಣಪ್ಪ” ಅಂದಳು.

“ನಾನು ತಿನ್ನೋದು ನೀನು ತಿನ್ನೋದು ಒಂದೇ ಮಡಕೇದು ಕಣೇ.”

“ಪಡುವಣ ಬೀದಿ ಗಂಡಸ್ರು ನೀವು, ಹುಟ್ಟು ಕೊಬ್ಬು. ಊರೇ ಹೇಳ್ತದೆ.”

ಊರೇ ಹೇಳುತ್ತಿತ್ತು, ನಿಜ. ಎಲೆ ಕಚ್ಚುವವರಲ್ಲಿ ಹತ್ತಕ್ಕೆ ಒಂಬತ್ತು ಜನ ನಮ್ಮ ಪಡುವಣ ಬೀದಿಯವರೇ. ಅದಕ್ಕೆ ಕಾರಣವನ್ನು ಯಾರೂ ಹುಡುಕಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿದೆ ಎಂದು ಎಲ್ಲರೂ ತಿಳಿದಿದ್ದರು.

ಇನ್ನು ರಕ್ತದ ವಿಷಯ. ನಮ್ಮೂರವರ ರಕ್ತ ಮೈಯಿಂದ ಹೊರಬಿದ್ದರೆ ಎರಡು ಚಪ್ಪಾಳೆ ತಟ್ಟುವಷ್ಟರಲ್ಲಿ ಕಲ್ಲಾಗುತ್ತದೆ. ಕುಟ್ಟಿದರೆ ಟಣ್ ಎನ್ನುತ್ತದೆ. ಪಟ್ಟಣದಿಂದ ತರಿಸಿದ ಬಿಳಿ ಪುಡಿಗಳೆಲ್ಲ ಅದರ ಮುಂದೆ ಸೋತುಹೋಗಿವೆ. ಹರಿಬಳ್ಳಿಯ ಎಲೆಯನ್ನು ಅರೆದು, ಬಟ್ಟೆಯಲ್ಲಿ ಸೋಸಿ, ಆ ರಸವನ್ನು ನಾಲ್ಕು ಹನಿ ಸೀಸೆಗೆ ಮೊದಲೇ ಬಿಟ್ಟಿದ್ದರೆ ಮಾತ್ರ ರಕ್ತ ಹರಿಯುವ ಹಾಗೇ ಉಳಿಯುತ್ತದೆ. ಅರೆಯುವವಳು, ಸೂಜಿ ಚುಚ್ಚುವವಳು, ಅಳೆಯುವವಳು ಎಲ್ಲಾ ಒಬ್ಬಳೇ. ತಿಮ್ಮಾಜಮ್ಮ. ನನ್ನ ಬೀದಿಯವಳೇ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವಳ ತಾಯಿಯೂ ಇದೇ ಕೆಲಸ ಮಾಡಿದವಳು, ಇವಳ ಕೈಗೆ ಬಂದು ಹದಿನೆಂಟು ವರ್ಷ. ಒಂದೇ ದಿನ ಊರಿನವರದೆಲ್ಲ ರಕ್ತ ತೆಗೆದು, ಸೀಸೆಗಳನ್ನು ನೆಲಮಾಳಿಗೆಯ ತಣ್ಣನೆ ಮರಳಿನಲ್ಲಿ ಹುಗಿದಿಟ್ಟು, ದಿನಕ್ಕೆ ನಲವತ್ತರಂತೆ ಅಳೆಯುತ್ತಾಳೆ. ಅವಳ ಯಂತ್ರ ಅದಕ್ಕಿಂತ ಹೆಚ್ಚು ಓಡುವುದಿಲ್ಲ. ಮೂಡಲ ಬೀದಿಯಿಂದ ಶುರು, ಪಡುವಣ ಬೀದಿಗೆ ಮುಕ್ತಾಯ. ಸೂರ್ಯ ಬರುವ ಕಡೆಯಿಂದ ಬರಬೇಕು ಎಂಬುದು ಹಳೆಯ ಪದ್ಧತಿ.

ಪಟ್ಟಿ ಅಂಟಿಸಿದ ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಎಲೆ ಕಚ್ಚಿಕೊಂಡು ಅವಳ ಕೋಣೆಗೆ ಹೋಗಿ, ಒಳಗೆ ಕಾಲಿಟ್ಟವನೇ ಎಲೆಯನ್ನು ನೆಲಕ್ಕೆ ಉಗುಳಿದೆ. ಸಾಲಾಗಿ ನಿಲ್ಲಿಸಿದ ಸೀಸೆಗಳ ಮುಂದೆ ಕೂತಿದ್ದ ತಿಮ್ಮಾಜಮ್ಮ ತಲೆ ಎತ್ತಿದಳು, ಎದ್ದಳು, ಕದ ಹಾಕಿದಳು, ಕಿಟಕಿ ಹಾಕಿದಳು, ಮತ್ತೆ ಬಂದು ಕೂತಳು.

“ಈಗ ಕೂಗು. ಸೀಸೆ ಒಡೀಬ್ಯಾಡ” ಅಂದಳು. ಅವಳ ದನಿ ಬಲು ಮೆಲ್ಲಗೆ. ಪಕ್ಕದಲ್ಲಿ ಕೂತವರಿಗೂ ಕಿವಿ ಬಗ್ಗಿಸಿದರೆ ಮಾತ್ರ ಕೇಳುವ ದನಿ.

“ನಿನ್ನ ಯಂತ್ರ ಕೆಟ್ಟೈತೆ! ನಂದು ಇನ್ನೊಂದ್ಸಲ ಅಳಿ. ಅದೇ ಸೀಸೆ. ನನ್ನ ಕಣ್ಣ ಮುಂದೆ.”

ಬೇರೆಯವಳಾಗಿದ್ದರೆ ಕತ್ತು ಹಿಡಿದು ಆಚೆ ತಳ್ಳುತ್ತಿದ್ದಳು. ಇವಳು ಮರಳಿನಿಂದ ನನ್ನ ಸೀಸೆ ತೆಗೆದಳು. ಕೆಂಪು ಕೆಳಗೆ ಕೂತಿತ್ತು, ಮೇಲೆ ತಿಳಿ ನಿಂತಿತ್ತು. ಆ ತಿಳಿಯಿಂದ ಒಂದು ಹನಿ ತೆಗೆದು, ಬಣ್ಣ ಬರಿಸುವ ಔಷಧಕ್ಕೆ ಹಾಕಿ, ಯಂತ್ರದ ಪುಟ್ಟ ದೀಪದ ಮುಂದೆ ಹಿಡಿದಳು. ಬಣ್ಣ ಎಷ್ಟು ಗಾಢವೋ ಕೊಬ್ಬು ಅಷ್ಟು, ಮುಳ್ಳು ಅಲ್ಲಿಗೆ ಹೋಗಿ ನಿಲ್ಲುತ್ತದೆ. ಮುಳ್ಳು ಇನ್ನೂರ ಮೂವತ್ತೊಂದಕ್ಕೆ ಹೋಗಿ ನಿಂತಿತು.

ನನ್ನ ತಲೆಯ ಸಿಟ್ಟು ಪಾದಕ್ಕಿಳಿದು ಮತ್ತೆ ತಲೆಗೆ ಏರಿತು. “ನೋಡು ತಿಮ್ಮಾಜಿ! ಮೂರು ದಿನದ ಹಿಂದೆ ಇನ್ನೂರ ಆರು, ಇವತ್ತು ಇನ್ನೂರ ಮೂವತ್ತೊಂದು. ನಾನು ತಿಂದ್ರೆ ನನ್ನ ಮೈಗೆ ಬರಬೇಕು. ಈ ಸೀಸೆ ಒಳಗಿರೋ ರಕ್ತಕ್ಕೆ ಯಾರು ಬಂದು ತುಪ್ಪ ಬಡಿಸಿದ್ರು?”

ಅದು ಬುದ್ಧಿವಂತಿಕೆಯ ಮಾತೆಂದು ನಾನು ಆಡಲಿಲ್ಲ. ಸಿಟ್ಟಿಗೆ ಆಡಿದೆ. ಆದರೆ ಅವಳ ಕೈ ನಿಂತುಹೋಯಿತು. ನನ್ನನ್ನು ನೋಡಲಿಲ್ಲ, ಸೀಸೆಯನ್ನು ಕಿಟಕಿಯ ಸಂದಿನ ಬೆಳಕಿಗೆ ಹಿಡಿದು ನೋಡುತ್ತಾ ಕೂತಳು.

“ತೋಳು ಕೊಡು” ಅಂದಳು ಕೊನೆಗೆ.

ಹೊಸ ರಕ್ತ ತೆಗೆದಳು. ಮರಳಿಗೆ ಇಡಲಿಲ್ಲ. ಕೈಯಿಂದ ತಿರುಗಿಸುವ ರಾಟೆಗೆ ಸಿಕ್ಕಿಸಿ ಗಿರಗಿರನೆ ಸುತ್ತಿಸಿ, ತಿಳಿ ಮೇಲೆ ಬಂದ ಕೂಡಲೇ ಅಳೆದಳು. ನೂರ ಎಪ್ಪತ್ತೆಂಟು. ನಾನು ಕುಣಿದಾಡಿಬಿಟ್ಟೆ. ಅವಳ ಮುಖ ಮಾತ್ರ ಸುಟ್ಟ ಬದನೆಕಾಯಿಯ ಹಾಗೆ ಇಳಿದಿತ್ತು.

“ಕುಣೀಬ್ಯಾಡ ಚನ್ನಿಗ. ಇದು ಒಂದೇ ಸಲ ನೋಡಿದ್ದು. ಒಂದು ಸಲಕ್ಕೆ ಏನೂ ಗೊತ್ತಾಗಕಿಲ್ಲ. ಒಂಬತ್ತು ದಿನ ಬುಟ್ಟು ಹೇಳ್ತೀನಿ. ಎಲೆ ಎತ್ಕೊಂಡು ಕಚ್ಚು.”

ನನಗೆ ತಾಳ್ಮೆ ಎಂಬುದು ಹುಟ್ಟಿನಿಂದ ಇಲ್ಲ. ಆದರೂ ಆ ಒಂಬತ್ತು ದಿನ ದಿನಕ್ಕೊಮ್ಮೆ ಹೋಗಿ ಅವಳ ಕೋಣೆಯ ಮೂಲೆಯಲ್ಲಿ ಕೂತೆ. ಕೂತು ನೋಡಿದ್ದನ್ನು ಹೇಳದಿದ್ದರೆ ನಾನು ಮನುಷ್ಯನಲ್ಲ. ತನ್ನ ತೋಳಿನಿಂದಲೇ ಇಪ್ಪತ್ತೇಳು ಪುಟ್ಟ ಸೀಸೆಗಳಿಗಾಗುವಷ್ಟು ರಕ್ತ ತೆಗೆದುಕೊಂಡಳು. ಒಂಬತ್ತಕ್ಕೆ ಹರಿಬಳ್ಳಿಯ ರಸ ನಾಲ್ಕು ಹನಿ, ಒಂಬತ್ತಕ್ಕೆ ಎರಡೇ ಹನಿ, ಇನ್ನೊಂಬತ್ತಕ್ಕೆ ಎಂಟು ಹನಿ. ದಿನಕ್ಕೆ ಒಂದೊಂದು ಬಗೆಯಿಂದ ಒಂದೊಂದು ಸೀಸೆ ತೆಗೆದು ಅಳೆದು ಬರೆದಳು. ಒಂದೊಂದು ಹನಿಯನ್ನೂ ತುಟಿ ಅಲ್ಲಾಡಿಸಿ ಎಣಿಸುತ್ತಿದ್ದಳು. ನಡುವೆ ನಾನು ಕೆಮ್ಮಿದರೆ, ಲೆಕ್ಕ ತಪ್ಪಿತೋ ಏನೋ ಎಂಬ ಅನುಮಾನಕ್ಕೇ ಆ ಹನಿ ಚೆಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಇಪ್ಪತ್ತಾರು ವರ್ಷ ನಾನು ತಕ್ಕಡಿಯ ಪಕ್ಕ ನಿಂತವನು. ಅಷ್ಟು ನಿಯತ್ತಿನ ಕೈಯನ್ನು ನಾನು ನೋಡಿರಲಿಲ್ಲ. ಮುಳ್ಳು ತನಗೆ ಬೇಡವಾದ ಕಡೆ ಹೋದಾಗಲೂ ಅವಳು ಅದನ್ನು ಹಾಗೇ ಬರೆಯುತ್ತಿದ್ದಳು.

ನಾಲ್ಕು ಹನಿಯ ಸೀಸೆ ಮೊದಲ ದಿನ ನೂರ ಎಪ್ಪತ್ತೊಂದು ತೋರಿಸಿತು. ಮೂರನೆಯ ದಿನ ನೂರ ಎಂಬತ್ತು. ಆರನೆಯ ದಿನ ನೂರ ತೊಂಬತ್ತೊಂಬತ್ತು. ಒಂಬತ್ತನೆಯ ದಿನ ಇನ್ನೂರ ಇಪ್ಪತ್ತನಾಲ್ಕು. ಎಂಟು ಹನಿಯದು ಐದನೆಯ ದಿನಕ್ಕೇ ಗೆರೆ ದಾಟಿತ್ತು. ಎರಡು ಹನಿಯದು ನಿಧಾನವಾಗಿ ಏರಿತು, ಆದರೆ ಆ ಸೀಸೆಗಳ ತಳದಲ್ಲಿ ರಕ್ತ ಅಲ್ಲಲ್ಲಿ ಹರಳುಗಟ್ಟಿತ್ತು.

“ಗೊತ್ತಾಯ್ತಾ?” ಅಂದಳು ತಿಮ್ಮಾಜಮ್ಮ. ಎರಡು ಸೀಸೆಗಳನ್ನು ಪಕ್ಕಪಕ್ಕ ಹಿಡಿದಳು. ಅವತ್ತೇ ತೆಗೆದ ರಕ್ತದ ತಿಳಿ ಕಾಯಿಸಿದ ತುಪ್ಪದ ಬಣ್ಣಕ್ಕಿತ್ತು. ಹಳೆಯದರ ತಿಳಿ ದಾಸವಾಳದ ಹೂ ತೊಳೆದ ನೀರಿನಂತೆ ನಸುಗೆಂಪಾಗಿತ್ತು. “ಈ ಸೊಪ್ಪು ರಕ್ತ ಗಟ್ಟಿಯಾಗಾಕೆ ಬುಡಕಿಲ್ಲ, ಅದು ಸರಿ. ಆದ್ರೆ ಇಟ್ಟಷ್ಟೂ ದಿನ ರಕ್ತದ ಕೆಂಪು ಕಣಾನ ಒಂದೊಂದೇ ಒಡೀತದೆ. ಒಡೆದ ಕೆಂಪು ಬಂದು ತಿಳಿ ಸೇರ್ಕತದೆ. ಯಂತ್ರಕ್ಕೆ ಏನ್ ಗೊತ್ತು? ಬಣ್ಣ ನೋಡ್ತದೆ, ಕೊಬ್ಬು ಅಂತದೆ.”

 ಪಡುವಣದವರ ತಿಳಿ ಹುಟ್ಟಿನಿಂದಲೇ ಕೆಂಪು ಎಂದು ಅವಳ ತಾಯಿಯ ಕಾಲದಿಂದ ಹೇಳುತ್ತಿದ್ದರು. ನಮ್ಮ ಸೀಸೆಗಳು ಆರು ದಿನ ಮರಳಿನಲ್ಲಿ ಕಾಯುತ್ತಿದ್ದವು. ಮೂಡಲದವರದು ಮೊದಲ ದಿನಗಳಲ್ಲೇ ಮುಗಿಯುತ್ತಿತ್ತು.

“ನೀನೂ ಪಡುವಣದವಳೇ ಅಲ್ವಾ? ನೀನ್ಯಾಕೆ ಒಂದು ಸಲಾನೂ ಎಲೆ ಕಚ್ಚಲಿಲ್ಲ?” ಎಂದು ಕೇಳಿದೆ.

“ಯಂತ್ರ ಸರಿ ಐತಾ ಅಂತ ನೋಡಾಕೆ ಎಲ್ಲಾರಿಗಿಂತ ಮೊದ್ಲು ನನ್ನ ರಕ್ತಾನೇ ಹಾಕ್ತೀನಿ. ನಂದು ನೂರ ಎಪ್ಪತ್ತು. ನಮ್ಮ ಬೆಟ್ಟಣ್ಣಂದು ಇನ್ನೂರ ಹದಿನೈದು.” ಅವಳು ಸೀಸೆಗಳನ್ನು ಕೆಳಗಿಟ್ಟಳು. “ಒಂದೇ ಹೊಟ್ಟೇಲಿ ಹುಟ್ಟಿದೋರು ಚನ್ನಿಗ. ಒಂದೇ ತಟ್ಟೇಲಿ ಉಂಡೋರು. ಅವ್ನು ಅವ್ವಂಗೆ ಎದುರು ಮಾತಾಡ್ತಿದ್ದ, ಅದ್ಕೇ ಕೊಬ್ಬು ಬಂದೈತೆ ಅಂದ್ಕಂಡೆ. ಏಳು ವರ್ಸ. ಏಳು ವರ್ಸಾನೂ ನಾನೇ ಬರ್ದೆ, ನನ್ನ ಈ ಕೈಲಿ.”

ಬೆಟ್ಟಯ್ಯ ಅವಳ ಅಣ್ಣ. ಈರುಳ್ಳಿ ತುಂಬುವ ಮಕ್ಕರಿ ಹೆಣೆಯುವವನು. ಒಂದು ಕಾಲಕ್ಕೆ ಸಂತೆಮಾಳದಲ್ಲಿ ನನ್ನ ಬಾಯಿ ಮುಚ್ಚಿಸಬಲ್ಲ ಒಬ್ಬನೇ ಒಬ್ಬ ಮನುಷ್ಯ ಅವನು. ನಾನು ‘ಒಂದು ಸಾರಿ, ಎರಡು ಸಾರಿ’ ಎಂದು ಕೂಗುವ ನಡುವೆ ಅವನು ಒಂದು ಮಾತು ಎಸೆದರೆ ಮಾಳವೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಏಳು ವರ್ಷ ಸತತವಾಗಿ ಎಲೆ ಕಚ್ಚಿ ಕಚ್ಚಿ, ಅವನು ಮನೆಯೊಳಗೂ ಮಾತು ಬಿಟ್ಟಿದ್ದ. ಮಾತು ಅವನ ಕಡೆ ಬರುವುದನ್ನೇ ಮರೆತಿತ್ತು ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಆಗ ನಾನು ಆಡಿದ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. “ನಂದೊಂದು ತಿದ್ದಿಬುಡು ತಿಮ್ಮಾಜಿ. ನಿಮ್ಮಣ್ಣಂದೂ ತಿದ್ದು. ಉಳಿದಿದ್ದು ಮುಚ್ಚಾಕು. ಹದಿನೆಂಟು ವರ್ಸದ್ದು ತಪ್ಪು ಅಂದ್ರೆ ಊರು ನಿನ್ನ ಬಿಡ್ತದಾ?”

ಅವಳು ಕೂಗಲಿಲ್ಲ. ಅವಳಿಗೆ ಕೂಗಲು ಬರುವುದಿಲ್ಲ. “ನಾನು ಬೀಗ ಹಾಕಿದ್ದು ನಿನ್ನ ಒಬ್ಬನ ಬಾಯಿಗೇನ್ಲಾ?” ಅಂದಳು. ನನ್ನ ಕೂಗಿಗೆ ಸಂತೆ ಹೆದರುತ್ತದೆ. ಆ ಮೆಲುದನಿಗೆ ನಾನು ಹೆದರಿದೆ.

ಮಾರನೆಯ ಸೋಮವಾರ ಚಾವಡಿಯ ಮುಂದೆ ಊರು ಸೇರಿತು. ತಿಮ್ಮಾಜಮ್ಮ ಯಂತ್ರವನ್ನು ತಲೆಯ ಮೇಲೆ ಹೊತ್ತು ತಂದು ಕಟ್ಟೆಯ ಮೇಲಿಟ್ಟಳು. ಎಲೆಯವರೆಲ್ಲ ವಾಡಿಕೆಯಂತೆ ಹಿಂದೆ ನಿಂತಿದ್ದೆವು, ಅರವತ್ತು ಎಪ್ಪತ್ತು ಜನ, ಎಲ್ಲರ ತುಟಿಯಲ್ಲೂ ಹಸಿರು. ಬೆಟ್ಟಯ್ಯ ಹುಣಸೆ ಮರಕ್ಕೆ ಒರಗಿದ್ದ. ಅವಳು ತನ್ನ ಪುಸ್ತಕ ಬಿಚ್ಚಿ ಓದತೊಡಗಿದಳು. ಮೊದಲ ಸಾಲಿನವರಿಗೂ ಕೇಳಲಿಲ್ಲ.

“ಏನಂತೆ?” “ಜೋರಾಗಿ ಹೇಳವ್ವ!” “ಸೊಳ್ಳೆ ಮಾತಾಡ್ದಂಗೈತೆ!” ಜನ ಗುಜುಗುಟ್ಟಿದರು. ಹುಚ್ಚೀರಪ್ಪ ಕಟ್ಟೆಯ ಮೇಲೆ ಕೂತು ಶಲ್ಯ ಕೊಡವಿದ. “ಹೆಣ್ಮಗಳಿಗೆ ಮೈ ಸರಿ ಇಲ್ಲ ಅಂತ ಕಾಣ್ತದೆ. ಮನೇಗೆ ಹೋಗವ್ವ, ಆಮೇಲೆ ನೋಡಾಣ” ಅಂದ. ಕೆಲವರು ಏಳಲು ಶುರು ಮಾಡಿದರು. ಅವಳು ಓದುತ್ತಲೇ ಇದ್ದಳು. ಒಂದು ಅಂಕಿ ತಪ್ಪಿತೋ ಏನೋ ಎಂದು ಬೆರಳಿಟ್ಟು ಅದೇ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು. 

ನಾನು ಎಲೆ ಉಗುಳಿದೆ. ಮೂರು ವರ್ಷ ಎಂಬುದು ತಲೆಗೆ ಬಂತು, ನಿಜ. ತಗಡಿನ ಕೊಳವೆಯೂ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಕಾಲು ನನ್ನನ್ನು ಕಟ್ಟೆಗೆ ಹತ್ತಿಸಿಯಾಗಿತ್ತು.

“ನೀನು ಓದು. ನಾನು ಕೂಗ್ತೀನಿ” ಅಂದೆ.

ಅವಳು ಓದಿದಳು, ನಾನು ಕೂಗಿದೆ. ನನಗೆ ಬರುವುದು ಒಂದೇ ವರಸೆ, ಹರಾಜಿನ ವರಸೆ. “ಮೊದ್ಲನೇ ದಿನ ನೂರ ಎಪ್ಪತ್ತೊಂದು! ಮೂರನೇ ದಿನ ನೂರ ಎಂಬತ್ತು! ಆರನೇ ದಿನ ನೂರ ತೊಂಬತ್ತೊಂಬತ್ತು, ಗೆರೆಗೆ ಒಂದೇ ಬಾಕಿ, ಒಂದೇ ಬಾಕಿ! ಒಂಬತ್ತಕ್ಕೆ ಇನ್ನೂರ ಇಪ್ಪತ್ತನಾಲ್ಕು! ಅದೇ ಹೆಂಗ್ಸು, ಅದೇ ರಕ್ತ, ಅದೇ ಸೂಜಿ!” ಎದ್ದವರು ಕೂತರು. ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು ಎಮ್ಮೆ ಸಮೇತ ನಿಂತರು.

“ಇವ್ನಿಗೆ ಮೂರು ವರ್ಸ!” ಎಂದು ಹುಚ್ಚೀರಪ್ಪ ಎದ್ದು ನಿಂತ.

ತಿಮ್ಮಾಜಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಸೀಸೆ ತೆಗೆದಳು. ಅವನ ಕೈಗೇ ಕೊಟ್ಟಳು. ಸೂಜಿ ದಿನ ಅವನ ತೋಳಿನಿಂದ ತೆಗೆದದ್ದು, ಮುಚ್ಚಳದ ಅರಗಿನ ಮೇಲೆ ಅವನದೇ ಹೆಬ್ಬೆರಳಿನ ಗುರುತು. ಪಟ್ಟಿಯಲ್ಲಿ ಅವನದು ನೂರ ಎಂಬತ್ತೆಂಟು. ಮೊದಲು ಅಳೆಯಲು ಹನಿ ತೆಗೆದ ಮೇಲೆ ಪದ್ಧತಿಯಂತೆ ಅವನೇ ಮತ್ತೆ ಅರಗು ಒತ್ತಿಕೊಟ್ಟಿದ್ದ. ಈಗ ಅವನ ಕಣ್ಣೆದುರೇ ಅರಗು ಒಡೆದು, ದಾಸವಾಳದ ನೀರಿಗಿಂತಲೂ ಕೆಂಪಾಗಿದ್ದ ಆ ತಿಳಿಯನ್ನು ಅಳೆದಳು. ಮುಳ್ಳು ಓಡಿತು. ನಾನು ಬಗ್ಗಿ ನೋಡಿ ಕೂಗಿದೆ.

“ಯಜಮಾನ್ರು! ಇನ್ನೂರ ಎಪ್ಪತ್ತು! ಒಂದು ಸಾರಿ! ಇನ್ನೂರ ಎಪ್ಪತ್ತು, ಎರಡು ಸಾರಿ!”

“ಯಾರಿಗಯ್ಯಾ ಕೊಬ್ಬು? ನನಗಾ? ನನಗಾ ಕೊಬ್ಬು?” ಹುಚ್ಚೀರಪ್ಪನ ಕುತ್ತಿಗೆಯ ನರ ಉಬ್ಬಿತು.

ತಿಮ್ಮಾಜಮ್ಮ ತಲೆ ಅಲ್ಲಾಡಿಸಿದಳು. ಅವಳು ಅಂದದ್ದನ್ನು ನಾನು ಅದೇ ಮೆತ್ತಗೆ ಹೇಳಲು ನೋಡಿದೆ, ಆದರೂ ಊರಿಗೆಲ್ಲ ಕೇಳಿಸಿತು. “ನಿಮಗಲ್ಲ ಯಜಮಾನ್ರೆ. ಸೀಸೆಗೆ.”

ಮೊದಲು ನಕ್ಕದ್ದು ಮೂಡಲ ಬೀದಿಯವರೇ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ಹುಚ್ಚೀರಪ್ಪ ಕೂತ. ಕೂತವನು ತನ್ನ ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅವನನ್ನು ನಾನು ಬೈದಿದ್ದೇನೆ, ಮುಂದೆಯೂ ಬೈಯುತ್ತೇನೆ. ಆದರೆ ಅವತ್ತು ಅವನು ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನಲಿಲ್ಲ.

ನಗು ನಿಂತ ಮೇಲೆ ತಿಮ್ಮಾಜಮ್ಮ ಪುಸ್ತಕ ಮುಚ್ಚಿದಳು. “ಇದನ್ನ ಕೂಗಬ್ಯಾಡ, ನಾನೇ ಹೇಳ್ತೀನಿ” ಅಂದಳು. ಊರು ತಾನಾಗಿಯೇ ಹತ್ತಿರ ಸರಿಯಿತು. “ಸೊಪ್ಪಿಂದು ತಪ್ಪಿಲ್ಲ. ಅದರ ಕೆಲಸ ಅದು ಮಾಡ್ತು. ಯಂತ್ರದ್ದೂ ತಪ್ಪಿಲ್ಲ. ಸೀಸೇನ ಆರು ದಿನ ಕಾಯ್ಸಿ, ಕೆಂಪಾಗಿದ್ದು ಕಂಡೂ, ಪಡುವಣದೋರು ಅಂದ್ರೆ ಹಿಂಗೇ ಅಂದ್ಕಂಡು ಬರೆದೋಳು ನಾನು. ಹದಿನೆಂಟು ವರ್ಸ. ಇನ್ನೂರ ಹನ್ನೊಂದು ಜನದ ಬಾಯಿ ಕಟ್ಟಿದ್ದೀನಿ. ಹೆಸರು ಎಲ್ಲಾ ಬರ್ದಿಟ್ಟಿದ್ದೀನಿ. ಒಬ್ಬೊಬ್ಬರ ಮನೇಗೂ ಬಂದು ಹೇಳ್ತೀನಿ. ಬೈಯೋರು ಬೈಯಿರಿ.”

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೆರೆ ಹೋಗಲಿಲ್ಲ. ನಮ್ಮೂರಿನವರು ಒಂದು ಕಟ್ಟಳೆಯನ್ನು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಆದರೆ ಈಗ ಸೂಜಿ ದಿನ ಎಂಬುದು ಸೂಜಿ ವಾರವಾಗಿದೆ. ಚುಚ್ಚಿದ ಗಂಟೆಯೊಳಗೆ ಅಳೆಯಬೇಕು, ದಿನಕ್ಕೆ ನಲವತ್ತೇ ಜನ, ಒಂದು ದಿನ ಆ ಬೀದಿ, ಒಂದು ದಿನ ಈ ಬೀದಿ. ನನ್ನದು ನೂರ ಎಪ್ಪತ್ತೆಂಟು ಎಂದ ಮೇಲೆ ಎಲೆಯೇ ನನ್ನದಲ್ಲ, ಉಗುಳಿದ್ದು ತಪ್ಪಾಗಲಿಲ್ಲ. ತಿಮ್ಮಾಜಮ್ಮ ಇನ್ನೂರ ಹನ್ನೊಂದು ಬಾಗಿಲಿಗೂ ಹೋದಳು. ತೀರಿಕೊಂಡವರ ಮನೆಗೂ ಹೋಗಿ ಅವರ ಮಕ್ಕಳ ಮುಂದೆ ಹೇಳಿ ಬಂದಳು. ಕೆಲವರು ಬೈದರು. ಒಬ್ಬಳು ನೀರು ಎರಚಿದಳು. ಒರೆಸಿಕೊಂಡು ಮುಂದಿನ ಬಾಗಿಲಿಗೆ ಹೋದಳು. ನಾನಾಗಿದ್ದರೆ ಮೂರನೆಯ ಬಾಗಿಲಿಗೇ ಜಗಳ ತೆಗೆದಿರುತ್ತಿದ್ದೆ.

ಆದರೆ ಮೊದಲನೆಯ ಬಾಗಿಲಿಗೆ ಅವಳು ಹೋಗಬೇಕಾಗಲಿಲ್ಲ. ಆ ಸೋಮವಾರವೇ, ಕಟ್ಟೆಯಿಂದ ಇಳಿದು, ಜನರ ನಡುವೆ ದಾರಿ ಮಾಡಿಕೊಂಡು ಹುಣಸೆ ಮರದ ಹತ್ತಿರ ಹೋಗಿ ಅಣ್ಣನ ಮುಂದೆ ನಿಂತಳು. ಏನೋ ಹೇಳಲು ಬಾಯಿ ತೆರೆದಳು.  ಬೆಟ್ಟಯ್ಯ ಎಲೆಯ ಮೇಲಿನಿಂದ ಅವಳನ್ನೇ ನೋಡುತ್ತಿದ್ದ.  ನನಗೆ ತಡೆಯಲಾಗಲಿಲ್ಲ. ಕಟ್ಟೆಯ ಮೇಲಿಂದಲೇ ಪೂರ್ತಿ ಗಂಟಲು ಬಿಟ್ಟು ಕೂಗಿದೆ. “ಬೆಟ್ಟಣ್ಣಾ! ಆರು ದಿನ ಕಾದಿದ್ದು ಕಳೆದ್ರೆ ನಿಂದೂ ಇನ್ನೂರರ ಒಳಗೇ ಕಣೋ! ಮಾತಾಡೋ!”

ಅವನು ನಿಧಾನವಾಗಿ ಎಲೆ ತೆಗೆದ. ತಂಗಿಯ ಅಂಗೈ ಹಿಡಿದು, ಅದರೊಳಗೆ ಆ ಎಲೆ ಇಟ್ಟು, ಅವಳ ಬೆರಳುಗಳನ್ನು ಮಡಿಸಿದ. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಇನ್ನೊಮ್ಮೆ ಅಲ್ಲಾಡಿತು, ಒಣ ಮಕ್ಕರಿ ಮುರಿದಂಥ ಸದ್ದು ಬಂತು. ಮೂರನೆಯ ಸಲ ಅವನು ಕತ್ತು ತಿರುಗಿಸಿ ನನ್ನ ಕಡೆ ನೋಡಿದ.

“ಮೆಲ್ಲಗೆ ಕೂಗ್ಲಾ ಚನ್ನಿಗ” ಅಂದ. “ನಿಂತೋಗಿದ್ದು ನನ್ನ ಬಾಯಿ, ಕಿವಿ ಅಲ್ಲ.”